ಒಂದು ಬೋರ್ಡಿನಿಂದ ಐವತ್ತು ಬೋರ್ಡುಗಳಿಗೆ: ಮನೆಯಲ್ಲಿ ಮಾಡಿದ ಸರ್ಕ್ಯೂಟನ್ನು ಸಣ್ಣ ಪ್ರಮಾಣದ ತಯಾರಿಕೆಗೆ ಅಣಿಗೊಳಿಸುವ ಕ್ರಮ

ಮನೆಯ ಮೇಜಿನ ಮೇಲೆ ಮಾಡಿದ ಮೊದಲ ಸರ್ಕ್ಯೂಟ್ ಬೋರ್ಡಿನಲ್ಲಿ ನಕ್ಷೆಯಲ್ಲಿ ಇಲ್ಲದ ಸಂಗತಿಗಳು ಬಹಳ ಸೇರಿಕೊಂಡಿರುತ್ತವೆ. ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ತಿಂದುಹೋದ ಒಂದು ಟ್ರ್ಯಾಕಿನ, ಅಂದರೆ ವಿದ್ಯುತ್ ಹರಿಯುವ ತಾಮ್ರದ ಗೆರೆಯ, ಮೇಲೆ ಸಣ್ಣ ತಂತಿಯಿಟ್ಟು ಬೆಸೆದಿರುತ್ತೇವೆ. ಐಸಿ (ಚಿಪ್) ತಾನಾಗಿ ರೀಸೆಟ್ ಆಗುತ್ತಿದ್ದಾಗ ಹಿಂಬದಿಯಲ್ಲಿ ಒಂದು ಕೆಪಾಸಿಟರ್ ಹಚ್ಚಿರುತ್ತೇವೆ. ಎಲ್‌ಇಡಿ ಕಣ್ಣು ಕುಕ್ಕುತ್ತದೆಂದು ರೆಸಿಸ್ಟರ್ ಬದಲಿಸಿ, ಆ ಬದಲಾವಣೆಯನ್ನು ಕಂಪ್ಯೂಟರಿನಲ್ಲಿರುವ ನಕ್ಷೆಗೆ ಹಾಕುವುದನ್ನು ಮರೆತಿರುತ್ತೇವೆ. ಒಂದೇ ಬೋರ್ಡು ಮಾಡುವಾಗ ಇದರಿಂದ ತೊಂದರೆಯೇನೂ ಇಲ್ಲ, ಏಕೆಂದರೆ ಇವೆಲ್ಲ ಮಾಡಿದವರ ಕೈಗೆ ಗೊತ್ತಿರುತ್ತವೆ. ಐವತ್ತು ಅಥವಾ ನೂರು ಬೋರ್ಡುಗಳನ್ನು ಕಾರ್ಖಾನೆಯಲ್ಲಿ ಮಾಡಿಸಲು ಹೊರಟಾಗ ಆ ತಿಳಿವಳಿಕೆ ಉಪಯೋಗಕ್ಕೆ ಬರುವುದಿಲ್ಲ. ಕಾರ್ಖಾನೆಯವರು ನಾವು ಕಳಿಸಿದ ಫೈಲನ್ನಷ್ಟೇ ನೋಡುತ್ತಾರೆ, ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಮಾಡಿಕೊಡುತ್ತಾರೆ. ಆದ್ದರಿಂದ ತಯಾರಿಕೆಗೆ ಅಣಿಯಾಗುವುದೆಂದರೆ, ಕೈಗೆ ಗೊತ್ತಿರುವ ಒಂದೊಂದನ್ನೂ ನಕ್ಷೆಗೆ, ಪಟ್ಟಿಗೆ ಮತ್ತು ಬೋರ್ಡಿನ ಮೇಲ್ಮೈಗೆ ಇಳಿಸುವ ಕೆಲಸವೆಂದು ನಾನು ತಿಳಿದಿದ್ದೇನೆ.

ಇಲ್ಲಿ ಹೇಳುವ ಕ್ರಮ ಬ್ಯಾಟರಿ ಅಥವಾ ಅಡಾಪ್ಟರಿನಿಂದ ನಡೆಯುವ ಕಡಿಮೆ ವೋಲ್ಟೇಜಿನ ಬೋರ್ಡುಗಳಿಗೆ ಅನ್ವಯಿಸುತ್ತದೆ. ಗೋಡೆಯ ಪ್ಲಗ್ಗಿನ ವಿದ್ಯುತ್ತು ನೇರವಾಗಿ ಬೋರ್ಡಿಗೆ ಬರುವುದಾದರೆ ಸುರಕ್ಷತೆಯ ನಿಯಮಗಳೇ ಬೇರೆ. ಅಂಥಲ್ಲಿ ಪ್ರಮಾಣೀಕೃತ ಅಡಾಪ್ಟರನ್ನು ಕೊಂಡು ಹೊರಗೇ ಇಡುವುದು ಒಳ್ಳೆಯದು.

ಮೊದಲ ಬೋರ್ಡನ್ನು ಓದಿಕೊಳ್ಳುವುದು

ಕೆಲಸ ಮಾಡುತ್ತಿರುವ ಬೋರ್ಡನ್ನು ಒಳ್ಳೆಯ ಬೆಳಕಿನಲ್ಲಿ ಇಟ್ಟುಕೊಂಡು, ನಕ್ಷೆಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿ ಹರಡಿ, ಒಂದೊಂದೇ ಭಾಗವನ್ನು ನೋಡುತ್ತ ಗುರುತು ಹಾಕುತ್ತ ಹೋಗಬೇಕು. ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ಓದಿ ನಕ್ಷೆಯಲ್ಲಿರುವ ಮೌಲ್ಯದೊಂದಿಗೆ ಹೋಲಿಸಬೇಕು, ನೆನಪನ್ನು ನಂಬಬಾರದು. ಬೋರ್ಡನ್ನು ತಿರುಗಿಸಿ ಹಿಂಬದಿಯ ತಂತಿಗಳನ್ನು ಎಣಿಸಬೇಕು. ಪ್ರತಿಯೊಂದು ತಂತಿಯೂ ನಕ್ಷೆಯಲ್ಲಿ ತಪ್ಪಿಹೋದ ಒಂದು ಸಂಪರ್ಕವಾಗಿರಬಹುದು, ಇಲ್ಲವೇ ಎರಡು ಪದರಗಳನ್ನು ಕೂಡಿಸಲು ಹಾಕಿದ್ದಿರಬಹುದು. ಯಾವುದು ಯಾವುದೆಂದು ಬರೆದಿಡಬೇಕು.

ಇದಾದ ಮೇಲೆ ವೋಲ್ಟೇಜುಗಳನ್ನು ಅಳೆದು ನಕ್ಷೆಯ ಮೇಲೆಯೇ ಬರೆಯಬೇಕು: ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರಿನ ಒಳಗೆ ಎಷ್ಟು, ಹೊರಗೆ ಎಷ್ಟು, ಟ್ರಾನ್ಸಿಸ್ಟರಿನ ಬೇಸಿನಲ್ಲಿ ಎಷ್ಟು, ಸುಮ್ಮನಿರುವಾಗ ಬೋರ್ಡು ಎಷ್ಟು ಮಿಲಿಆಂಪಿಯರ್ ಎಳೆಯುತ್ತದೆ, ಪೂರ್ಣ ಕೆಲಸದಲ್ಲಿರುವಾಗ ಎಷ್ಟು ಎಳೆಯುತ್ತದೆ. ಮುಂದೆ ಐವತ್ತು ಬೋರ್ಡುಗಳನ್ನು ಪರೀಕ್ಷಿಸುವಾಗ ಈ ಅಂಕಿಗಳೇ ಅಳತೆಗೋಲು. ಸಾಧ್ಯವಾದರೆ ಬೇರೆ ಸಮಯದಲ್ಲಿ ಕೊಂಡ ಭಾಗಗಳಿಂದ ಇನ್ನೆರಡು ಬೋರ್ಡುಗಳನ್ನು ಕೈಯಲ್ಲೇ ಮಾಡಿ ನೋಡಬೇಕು. ಮೂರರಲ್ಲಿ ಒಂದು ವಿಚಿತ್ರವಾಗಿ ನಡೆದುಕೊಂಡರೆ ಐವತ್ತರಲ್ಲಿ ಹದಿನೈದಕ್ಕೆ ಅದೇ ಗತಿಯಾದೀತು.

ವಿನ್ಯಾಸಕ್ಕೆ ಅವಕಾಶ ಕೊಡುವುದು

ಒಂದು ಬೋರ್ಡು ನಡೆಯಲು ಭಾಗಗಳ ಮೌಲ್ಯ ಹೊಂದಿಕೊಂಡರೆ ಸಾಕು, ಐವತ್ತು ನಡೆಯಲು ಆ ಮೌಲ್ಯಗಳು ಸ್ವಲ್ಪ ಅತ್ತಿತ್ತ ಆದರೂ ನಡೆಯಬೇಕು. ಶೇ. 5ರ ರೆಸಿಸ್ಟರೆಂದರೆ 10 ಕಿಲೋಓಮ್ ಎಂದು ಬರೆದದ್ದು 9.5ರಿಂದ 10.5ರ ವರೆಗೆ ಎಲ್ಲಿಯಾದರೂ ಇರಬಹುದು. ವೋಲ್ಟೇಜನ್ನು ವಿಭಜಿಸಿ ಅಳೆಯುವಂಥ ಜಾಗದಲ್ಲಿ ಶೇ. 1ರದನ್ನೇ ಹಾಕಬೇಕು, ಉಳಿದ ಬಹುತೇಕ ಕಡೆ ಶೇ. 5ರದೇ ನಡೆಯುತ್ತದೆ. ಅಡಾಪ್ಟರಿನ ವೋಲ್ಟೇಜು ಅತಿ ಕಡಿಮೆ ಮತ್ತು ಅತಿ ಹೆಚ್ಚು ಆಗುವ ಎರಡೂ ತುದಿಗಳಲ್ಲಿ ಬೋರ್ಡನ್ನು ನಡೆಸಿ ನೋಡಬೇಕು.

ಸೆರಾಮಿಕ್ ಕೆಪಾಸಿಟರುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎಕ್ಸ್5ಆರ್, ಎಕ್ಸ್7ಆರ್ ಜಾತಿಯವು ತಮ್ಮ ಮೇಲೆ ಡಿಸಿ ವೋಲ್ಟೇಜು ಬಿದ್ದಂತೆ ಧಾರಣಶಕ್ತಿಯನ್ನು ಕಳೆದುಕೊಳ್ಳುತ್ತವೆ. 6.3 ವೋಲ್ಟಿನದೆಂದು ಗುರುತಿಸಿದ ಅತಿ ಚಿಕ್ಕ ಗಾತ್ರದ 10 ಮೈಕ್ರೋಫ್ಯಾರಡ್ ಕೆಪಾಸಿಟರು 5 ವೋಲ್ಟಿನ ಮೇಲೆ ಅರ್ಧಕ್ಕಿಂತ ಕಡಿಮೆಯಾಗಿ ಉಳಿಯುವುದು ಸಾಮಾನ್ಯ. ಮನೆಯಲ್ಲಿ ದೊಡ್ಡ ಗಾತ್ರದ್ದನ್ನು ಬಳಸಿದ್ದು, ಕಾರ್ಖಾನೆಗೆ ಕಳಿಸುವಾಗ ಚಿಕ್ಕದಕ್ಕೆ ಬದಲಿಸಿದರೆ ಈ ವ್ಯತ್ಯಾಸ ಅಲ್ಲಿ ಬಯಲಾಗುತ್ತದೆ. ಪ್ರತಿ ಐಸಿಯ ವಿದ್ಯುತ್ ಪಿನ್ನಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರು ಇರಲಿ. ಬಳಕೆಯಾಗದ ಇನ್‌ಪುಟ್ ಪಿನ್ನುಗಳನ್ನು ತೂಗಾಡಲು ಬಿಡದೆ ತಯಾರಕರ ವಿವರಪತ್ರ (ಡೇಟಾಶೀಟ್) ಹೇಳಿದ ಕಡೆಗೆ ಕಟ್ಟಬೇಕು.

ಶಾಖದ ಲೆಕ್ಕವನ್ನೂ ಈಗಲೇ ಮಾಡಬೇಕು. 12 ವೋಲ್ಟಿನಿಂದ 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರು 200 ಮಿಲಿಆಂಪಿಯರ್ ಕೊಡುವಾಗ 7 ವೋಲ್ಟು ಗುಣಿಸು 0.2 ಆಂಪಿಯರ್, ಅಂದರೆ 1.4 ವ್ಯಾಟ್ ಶಾಖವನ್ನು ಹೊರಹಾಕುತ್ತದೆ. ತೆರೆದ ಮೇಜಿನ ಮೇಲೆ ಅದು ಬೆರಳು ಇಡಲಾರದಷ್ಟು ಬಿಸಿಯಾದರೂ ನಡೆಯುತ್ತಿತ್ತು. ಮುಚ್ಚಿದ ಪೆಟ್ಟಿಗೆಯೊಳಗೆ ಅದರ ಪಕ್ಕದಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರು ಬಲುಬೇಗ ಒಣಗುತ್ತದೆ. ಬೋರ್ಡನ್ನು ಅದು ಸೇರಬೇಕಾದ ಪೆಟ್ಟಿಗೆಯಲ್ಲೇ ಇಟ್ಟು, ಮುಚ್ಚಳ ಹಾಕಿ, ಒಂದು ಇಡೀ ದಿನ ಓಡಿಸಿ ನೋಡದೆ ಮುಂದಿನ ಹಂತಕ್ಕೆ ಹೋಗಬಾರದು.

ಬಿಡಿಭಾಗಗಳ ಪಟ್ಟಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಬೇಡುವುದೂ ಬಹಳ ಜನ ಅತಿ ಬೇಗ ಮುಗಿಸುವುದೂ ಈ ಪಟ್ಟಿಯನ್ನೇ. ನನ್ನ ಮೊದಲ ಇಪ್ಪತ್ತು ಬೋರ್ಡುಗಳ ಪಟ್ಟಿಯಲ್ಲಿ ನಾನು ಒಂದು ಸಾಲಿನಲ್ಲಿ ‘ಎನ್‌ಪಿಎನ್ ಟ್ರಾನ್ಸಿಸ್ಟರ್, 20’ ಎಂದಷ್ಟೇ ಬರೆದಿದ್ದೆ. ನನ್ನ ಬೋರ್ಡಿನಲ್ಲಿದ್ದದ್ದು ಬಿಸಿ547. ಜೋಡಣೆಗೆ ಕೈಜೋಡಿಸಿದ ಗೆಳೆಯ ಅದು ಸಿಗಲಿಲ್ಲವೆಂದು 2ಎನ್3904 ತಂದು ಹಾಕಿದ್ದ. ಎರಡೂ ಸಾಮಾನ್ಯ ಬಳಕೆಯ ಎನ್‌ಪಿಎನ್ ಟ್ರಾನ್ಸಿಸ್ಟರುಗಳೇ, ನೋಡಲು ಒಂದೇ ಕಪ್ಪು ಅರ್ಧಚಂದ್ರ, ಮೂರು ಕಾಲು. ಆದರೆ ಚಪ್ಪಟೆ ಮುಖವನ್ನು ನಮ್ಮ ಕಡೆಗೆ ಹಿಡಿದು ಎಡದಿಂದ ಓದಿದರೆ ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಆ ಟ್ರಾನ್ಸಿಸ್ಟರು ನಡೆಸುವ ರಿಲೇಗಳು (ವಿದ್ಯುತ್ತಿನಿಂದ ಎಳೆಯುವ ಸ್ವಿಚ್ಚುಗಳು) ಕೆಲವು ಬೋರ್ಡುಗಳಲ್ಲಿ ಎಳೆದವು, ಕೆಲವುಗಳಲ್ಲಿ ಎಳೆಯಲಿಲ್ಲ, ಏಕೆಂದರೆ ತಿರುವುಮುರುವಾದ ಟ್ರಾನ್ಸಿಸ್ಟರು ಪೂರ್ತಿ ಸತ್ತಿರುವುದಿಲ್ಲ, ದುರ್ಬಲವಾಗಿ ಕೆಲಸ ಮಾಡುತ್ತಿರುತ್ತದೆ. ಇಪ್ಪತ್ತನ್ನೂ ಬಿಚ್ಚಿ ತಿರುಗಿಸಿ ಹಾಕಬೇಕಾಯಿತು. ಗೆಳೆಯನದು ತಪ್ಪಲ್ಲ, ನನ್ನ ಕೈಗೆ ಗೊತ್ತಿದ್ದದ್ದು ಪಟ್ಟಿಯಲ್ಲಿ ಇರಲಿಲ್ಲ.

ಆದ್ದರಿಂದ ಪಟ್ಟಿಯ ಪ್ರತಿ ಸಾಲಿನಲ್ಲೂ ಬೋರ್ಡಿನ ಮೇಲಿರುವ ಗುರುತು, ಅಂದರೆ ಆರ್1, ಸಿ4, ಯು2 ಇತ್ಯಾದಿ, ಒಂದು ಬೋರ್ಡಿಗೆ ಬೇಕಾದ ಸಂಖ್ಯೆ, ಮೌಲ್ಯ, ಆ ಮೌಲ್ಯ ಶೇಕಡಾ ಎಷ್ಟು ಅತ್ತಿತ್ತ ಆಗಬಹುದು ಎಂಬುದು, ತಡೆಯಬಲ್ಲ ವೋಲ್ಟೇಜು, ಪ್ಯಾಕೇಜಿನ (ಹೊರಕವಚದ) ಗಾತ್ರ, ತಯಾರಕರ ಹೆಸರು ಮತ್ತು ಅವರು ಕೊಟ್ಟ ಪೂರ್ಣ ಭಾಗಸಂಖ್ಯೆ ಇರಬೇಕು. ಭಾಗಸಂಖ್ಯೆಯ ಕೊನೆಯ ಒಂದೆರಡು ಅಕ್ಷರಗಳನ್ನು ಬಿಡಬಾರದು. ಎಷ್ಟೋ ಸಲ ಪ್ಯಾಕೇಜು ಯಾವುದು, ತಾಪಮಾನದ ಮಿತಿ ಎಷ್ಟು, ಭಾಗ ರೀಲಿನಲ್ಲಿ ಬರುತ್ತದೆಯೋ ಕೊಳವೆಯಲ್ಲಿ ಬರುತ್ತದೆಯೋ ಎಂಬುದು ಆ ಅಕ್ಷರಗಳಲ್ಲೇ ಅಡಗಿರುತ್ತದೆ. ಇನ್ನೊಂದು ಅಂಕಣದಲ್ಲಿ ಬದಲಿಯಾಗಿ ಯಾವುದನ್ನು ಹಾಕಬಹುದು ಎಂದು ಬರೆಯಬೇಕು. ಬದಲಿಸಲೇಬಾರದ ಭಾಗಕ್ಕೆ ಹಾಗೆಂದೇ ಬರೆಯಬೇಕು. ಹಳೆಯ ರೇಡಿಯೋದಿಂದ ಕಿತ್ತು ಹಾಕಿದ ಭಾಗ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಭಾಗ, ಹೊಸ ವಿನ್ಯಾಸಕ್ಕೆ ಬಳಸಬೇಡಿ ಎಂದು ತಯಾರಕರೇ ಹೇಳಿರುವ ಭಾಗ ಇವುಗಳಿಗೆ ಈ ಹಂತದಲ್ಲೇ ಪರ್ಯಾಯ ಹುಡುಕಿ, ಅದನ್ನು ಮೊದಲ ಬೋರ್ಡಿಗೆ ಹಾಕಿ ಪರೀಕ್ಷಿಸಬೇಕು. ಕೊಳ್ಳುವಾಗ ರೆಸಿಸ್ಟರು, ಕೆಪಾಸಿಟರಿನಂಥ ಚಿಕ್ಕ ಭಾಗಗಳನ್ನು ಲೆಕ್ಕಕ್ಕಿಂತ ಹೆಚ್ಚಾಗಿಯೇ ತರಿಸಬೇಕು. ಜೋಡಿಸುವ ಯಂತ್ರಕ್ಕೆ ಭಾಗಗಳ ಟೇಪನ್ನು ಊಡಿಸುವಾಗಲೇ ಕೆಲವು ವ್ಯರ್ಥವಾಗುತ್ತವೆ.

ಬೋರ್ಡನ್ನು ಹೊಸದಾಗಿ ಬಿಡಿಸುವುದು

ಮನೆಯ ವಿನ್ಯಾಸವನ್ನು ಇದ್ದಂತೆಯೇ ಕಾರ್ಖಾನೆಗೆ ಕಳಿಸಿದರೂ ಬೋರ್ಡು ಬರುತ್ತದೆ, ಆದರೆ ಕಾರ್ಖಾನೆಯ ಅನುಕೂಲಗಳು ಅದರಲ್ಲಿ ಕಾಣುವುದಿಲ್ಲ. ಮನೆಯಲ್ಲಿ ಒಂದು ಪದರದಲ್ಲಿ ಹೆಣಗಾಡುತ್ತ ಟ್ರ್ಯಾಕುಗಳನ್ನು ಸುತ್ತಿಸಿದ್ದೆವು. ಕಾರ್ಖಾನೆಯಲ್ಲಿ ರಂಧ್ರಗಳ ಒಳಗೋಡೆಗೂ ತಾಮ್ರ ಲೇಪಿಸುವುದರಿಂದ ಎರಡು ಪದರಗಳು ತಂತಿಯಿಲ್ಲದೆ ಕೂಡಿಕೊಳ್ಳುತ್ತವೆ. ಎರಡನೆಯ ಪದರದ ಬಹುಭಾಗವನ್ನು ಅಖಂಡ ಗ್ರೌಂಡ್ (ಸೊನ್ನೆ ವೋಲ್ಟಿನ ತಾಮ್ರ) ಹಾಸಾಗಿ ಬಿಡುವುದು ಅದರ ಅತ್ಯುತ್ತಮ ಬಳಕೆ. ಮನೆಯ ಬೋರ್ಡಿನಲ್ಲಿ ಕಾಡುತ್ತಿದ್ದ ಎಷ್ಟೋ ವಿದ್ಯುತ್ ಗದ್ದಲ (ನಾಯ್ಸ್) ಇದರಿಂದಲೇ ಅಡಗುತ್ತದೆ.

ಸಾಮಾನ್ಯವಾಗಿ ಸಿಗುವುದು 1.6 ಮಿ.ಮೀ. ದಪ್ಪದ, ಗಾಜಿನ ನಾರು ಮತ್ತು ಎಪಾಕ್ಸಿಯಿಂದ ಮಾಡಿದ ಎಫ್‌ಆರ್-4 ಹಲಗೆ, ಅದರ ಮೇಲೆ ಸುಮಾರು 35 ಮೈಕ್ರೋಮೀಟರ್ ದಪ್ಪದ ತಾಮ್ರ. 0.15 ಮಿ.ಮೀ. ಅಗಲದ ಟ್ರ್ಯಾಕನ್ನು ಬಹುತೇಕ ಕಾರ್ಖಾನೆಗಳು ಮಾಡಿಕೊಡುತ್ತವೆಯಾದರೂ ಜಾಗವಿರುವ ಕಡೆ ಆ ಮಿತಿಯ ಹತ್ತಿರ ಹೋಗುವುದರಲ್ಲಿ ಅರ್ಥವಿಲ್ಲ. ಸಂಕೇತದ ಟ್ರ್ಯಾಕಿಗೆ 0.25 ಮಿ.ಮೀ. ನೆಮ್ಮದಿಯ ಅಗಲ. ವಿದ್ಯುತ್ ಸಾಗಿಸುವ ಟ್ರ್ಯಾಕಿಗೆ ಲೆಕ್ಕ ಬೇಕು: ಐಪಿಸಿ-2221 ಮಾನದಂಡದ ಸೂತ್ರದ ಪ್ರಕಾರ ಹೊರಪದರದಲ್ಲಿ 1 ಆಂಪಿಯರ್ ಹರಿಯುವಾಗ ತಾಪ 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರದಿರಲು ಸುಮಾರು 0.3 ಮಿ.ಮೀ. ಅಗಲ ಸಾಕಾಗುತ್ತದೆ. ನಾನು ಅದರ ಎರಡರಷ್ಟನ್ನು ಇಡುತ್ತೇನೆ.

ಫುಟ್‌ಪ್ರಿಂಟುಗಳನ್ನು, ಅಂದರೆ ಪ್ರತಿ ಭಾಗ ಕೂರುವ ಜಾಗದ ತೂತುಗಳನ್ನು ಮತ್ತು ಬೆಸೆಯುವ ತಾಮ್ರದ ಪ್ಯಾಡುಗಳನ್ನು, ಕಾಗದದ ಮೇಲೆ ಪರೀಕ್ಷಿಸುವುದು ಹಳೆಯ ಉಪಾಯವಾದರೂ ಅದಕ್ಕೆ ಸಾಟಿಯಿಲ್ಲ. ಬೋರ್ಡನ್ನು ಶೇ. 100ರ ಅಳತೆಯಲ್ಲಿ ಮುದ್ರಿಸಿ, ಪ್ರಿಂಟರು ತಾನಾಗಿ ಕುಗ್ಗಿಸಿಲ್ಲವೆಂದು ಸ್ಕೇಲಿನಿಂದ ಅಳೆದು, ಕಾಗದವನ್ನು ದಪ್ಪ ಥರ್ಮೋಕೋಲಿನ ಮೇಲಿಟ್ಟು, ನಿಜವಾದ ಕನೆಕ್ಟರು, ರಿಲೇ, ಸ್ವಿಚ್ಚುಗಳ ಕಾಲುಗಳನ್ನು ಚುಚ್ಚಿ ನಿಲ್ಲಿಸಬೇಕು. ಕನೆಕ್ಟರಿನ ಬಾಯಿ ಬೋರ್ಡಿನ ಒಳಮುಖವಾಗಿ ನಿಂತಿರುವುದು, ಎರಡು ಭಾಗಗಳ ಹೊಟ್ಟೆ ಒಂದಕ್ಕೊಂದು ತಾಗುವುದು, ಮೂಲೆಯ ತೂತಿಗೆ ಸ್ಕ್ರೂ ಹಾಕಿದರೆ ಅದರ ತಲೆ ಟ್ರ್ಯಾಕಿನ ಮೇಲೆ ಕೂರುವುದು ಇವೆಲ್ಲ ಆಗ ಕಣ್ಣಿಗೆ ಬೀಳುತ್ತವೆ. 3 ಮಿ.ಮೀ. ಸ್ಕ್ರೂಗೆ 3.2 ಮಿ.ಮೀ. ತೂತು ಇಟ್ಟು, ಸ್ಕ್ರೂವಿನ ತಲೆ ಆವರಿಸುವಷ್ಟು ಜಾಗದಲ್ಲಿ ಸುತ್ತಲೂ ಯಾವ ಟ್ರ್ಯಾಕೂ ಹಾಯದಂತೆ ನೋಡಿಕೊಳ್ಳಬೇಕು.

ಬೋರ್ಡಿನ ಮೇಲಿನ ಬಿಳಿಯ ಬರಹವನ್ನು ಅಲಂಕಾರವೆಂದು ತಿಳಿಯಬಾರದು. ಡಯೋಡಿನ ಪಟ್ಟಿಯ ಕಡೆ, ಐಸಿಯ ಒಂದನೇ ಪಿನ್ನು, ಕನೆಕ್ಟರಿನ ಪ್ರತಿ ಕಾಲಿನ ಹೆಸರು, ಧನ ಋಣ ಗುರುತುಗಳು, ಒಳಬರಬೇಕಾದ ವೋಲ್ಟೇಜು, ವಿನ್ಯಾಸದ ಆವೃತ್ತಿ, ದಿನಾಂಕ ಇವೆಲ್ಲ ಅಲ್ಲಿರಬೇಕು. ಅಕ್ಷರದ ಎತ್ತರ 1 ಮಿ.ಮೀ.ಗಿಂತ ಕಡಿಮೆಯಾದರೆ ಅಚ್ಚು ಕಲಸಿಹೋಗುತ್ತದೆ. ಭಾಗ ಕೂತ ಮೇಲೂ ಗುರುತು ಕಾಣುವಂತೆ ಅದರ ಹೊರಗೆ ಬರೆಯಬೇಕು.

ಪರೀಕ್ಷೆಗೆ ಬೇಕಾದ ಪ್ಯಾಡುಗಳನ್ನೂ ಈಗಲೇ ಇಡಬೇಕು. ಮುಖ್ಯ ವೋಲ್ಟೇಜುಗಳು, ಗ್ರೌಂಡ್, ರೀಸೆಟ್, ಪ್ರೋಗ್ರಾಂ ತುಂಬುವ ತಂತಿಗಳು, ಮುಖ್ಯ ಸಂಕೇತಗಳು ಇಷ್ಟಕ್ಕೂ 1 ಮಿ.ಮೀ. ಅಥವಾ ಸ್ವಲ್ಪ ದೊಡ್ಡದಾದ ಗುಂಡು ಪ್ಯಾಡುಗಳನ್ನು ಒಂದೇ ಬದಿಯಲ್ಲಿ, ಒಂದರಿಂದ ಒಂದಕ್ಕೆ 2.54 ಮಿ.ಮೀ. ಅಂತರದಲ್ಲಿ ಇಟ್ಟರೆ ಸ್ಪ್ರಿಂಗ್ ಪಿನ್ನುಗಳ ಪರೀಕ್ಷಾ ಚೌಕಟ್ಟು ಮಾಡುವುದು ಸುಲಭವಾಗುತ್ತದೆ.

ಕಳಿಸುವ ಫೈಲುಗಳು

ಕೀಕ್ಯಾಡ್‌ನಂಥ ವಿನ್ಯಾಸ ತಂತ್ರಾಂಶದಲ್ಲಿ ನಿಯಮ ಪರೀಕ್ಷೆಯ ಸೌಲಭ್ಯವಿರುತ್ತದೆ. ಕಾರ್ಖಾನೆಯವರು ಪ್ರಕಟಿಸಿರುವ ಮಿತಿಗಳನ್ನು, ಅಂದರೆ ಟ್ರ್ಯಾಕಿನ ಅಗಲ, ಅಂತರ, ಅತಿ ಚಿಕ್ಕ ರಂಧ್ರ, ರಂಧ್ರದ ಸುತ್ತಲಿನ ತಾಮ್ರದ ಬಳೆಯ ಅಗಲ, ಅಂಚಿನಿಂದ ತಾಮ್ರದ ದೂರ ಇವನ್ನು ಅದರಲ್ಲಿ ತುಂಬಿ, ಒಂದು ದೋಷವೂ ಉಳಿಯದವರೆಗೆ ಓಡಿಸಬೇಕು. ಇದು ಪರವಾಗಿಲ್ಲ ಎಂದು ದಾಟಿಸಿದ ದೋಷವೇ ಮುಂದೆ ಕಾಡುತ್ತದೆ.

ಬಳಿಕ ಕಾರ್ಖಾನೆ ಓದುವ ಫೈಲುಗಳನ್ನು ಹೊರಡಿಸಬೇಕು: ಪ್ರತಿ ಪದರದ ಚಿತ್ರಕ್ಕೆ ಗರ್ಬರ್ ಫೈಲುಗಳು, ರಂಧ್ರಗಳ ಸ್ಥಾನ ಮತ್ತು ಅಳತೆಗೆ ಎಕ್ಸೆಲಾನ್ ಡ್ರಿಲ್ ಫೈಲು. ಲೇಸರ್ ಪ್ರಿಂಟರಿನ ಮಸಿಯನ್ನು ಕಾಗದದಿಂದ ತಾಮ್ರಕ್ಕೆ ಇಳಿಸುವ ಟೋನರ್ ವಿಧಾನದಲ್ಲಿ ಪಳಗಿದವರು ಇಲ್ಲಿ ಒಂದು ಅಭ್ಯಾಸವನ್ನು ಬಿಡಬೇಕು. ಕಾಗದದಿಂದ ತಾಮ್ರಕ್ಕೆ ಅಂಟಿಸುವಾಗ ಚಿತ್ರ ತಿರುವುಮುರುವಾಗುವುದರಿಂದ ಮೇಲಿನ ಪದರವನ್ನು ಕನ್ನಡಿಬಿಂಬವಾಗಿ ಮುದ್ರಿಸುತ್ತಿದ್ದೆವು. ಗರ್ಬರ್ ಫೈಲಿನಲ್ಲಿ ಯಾವ ಪದರವನ್ನೂ ತಿರುಗಿಸಬಾರದು. ಎಲ್ಲ ಪದರಗಳನ್ನೂ ಮೇಲಿನಿಂದ ಬೋರ್ಡಿನ ಮೂಲಕ ಹಾದು ನೋಡಿದಂತೆ ಕೊಡಬೇಕು. ಹಾಗೆ ನೋಡುವಾಗ ಕೆಳಪದರದ ಅಕ್ಷರಗಳು ತಿರುವುಮುರುವಾಗಿ ಕಾಣುವುದೇ ಸರಿ. ಹೊರಡಿಸಿದ ಫೈಲುಗಳನ್ನು ಬೇರೊಂದು ಗರ್ಬರ್ ವೀಕ್ಷಕದಲ್ಲಿ ತೆರೆದು, ಪದರಗಳನ್ನು ಒಂದರ ಮೇಲೊಂದು ಹೇರಿ, ರಂಧ್ರಗಳು ಪ್ಯಾಡುಗಳ ನಡುವೆಯೇ ಬಿದ್ದಿವೆಯೇ, ಬೆಸುಗೆ ತಡೆಯುವ ಲೇಪದಲ್ಲಿ ಪ್ಯಾಡುಗಳಿಗೆ ಕಿಂಡಿಗಳಿವೆಯೇ, ಹೊರರೇಖೆ ಮುಚ್ಚಿಕೊಂಡಿದೆಯೇ ಎಂದು ನೋಡಬೇಕು.

ಜೋಡಣೆಯನ್ನೂ ಯಂತ್ರದಲ್ಲಿ ಮಾಡಿಸುವುದಾದರೆ ಪ್ರತಿ ಭಾಗದ ಗುರುತು, ಅಡ್ಡ ಮತ್ತು ಉದ್ದ ಸ್ಥಾನ, ತಿರುಗಿರುವ ಕೋನ, ಯಾವ ಬದಿ ಎಂಬ ವಿವರಗಳ ಸ್ಥಾನಪಟ್ಟಿಯೂ ಬೇಕು. ಕೋನದ ಲೆಕ್ಕ ತಂತ್ರಾಂಶದಿಂದ ಯಂತ್ರಕ್ಕೆ ಬದಲಾಗುವುದುಂಟು. ಆದ್ದರಿಂದ ಜೋಡಿಸಿದ ಒಂದು ಬೋರ್ಡಿನ ಸ್ಪಷ್ಟ ಚಿತ್ರವನ್ನೂ, ದಿಕ್ಕು ಇರುವ ಭಾಗಗಳನ್ನೆಲ್ಲ ಬಾಣದಿಂದ ತೋರಿಸಿ ಜೊತೆಗೆ ಕಳಿಸಬೇಕು.

ಹಲವು ಬೋರ್ಡುಗಳ ಹಲಗೆ, ಬೆಸುಗೆ

ಚಿಕ್ಕ ಬೋರ್ಡುಗಳನ್ನು ಬಿಡಿಯಾಗಿ ಹಿಡಿಯುವುದು ಕಷ್ಟ. ನಾಲ್ಕೋ ಆರೋ ಬೋರ್ಡುಗಳನ್ನು ಒಂದೇ ಹಲಗೆಯಲ್ಲಿ ಜೋಡಿಸಿ, ಎರಡು ಬದಿಗೂ ಕನಿಷ್ಠ 5 ಮಿ.ಮೀ. ಅಗಲದ ಖಾಲಿ ಪಟ್ಟಿ ಬಿಟ್ಟು, ಅದರ ಮೇಲೆ 1 ಮಿ.ಮೀ. ವ್ಯಾಸದ ಮೂರು ತಾಮ್ರದ ಚುಕ್ಕೆಗಳನ್ನು ಇಟ್ಟರೆ ಯಂತ್ರದ ಕ್ಯಾಮೆರಾ ಅವುಗಳಿಂದ ಸ್ಥಾನವನ್ನು ಗುರುತಿಸಿಕೊಳ್ಳುತ್ತದೆ. ಬೋರ್ಡುಗಳ ನಡುವೆ ವಿ ಆಕಾರದ ಗೀರು ಹಾಕಿಸಿದ್ದರೆ ಮುರಿಯುವಾಗ ಹಲಗೆ ಬಾಗುತ್ತದೆ, ಗೀರಿನ ಹತ್ತಿರವಿರುವ ಸೆರಾಮಿಕ್ ಕೆಪಾಸಿಟರು ಕಣ್ಣಿಗೆ ಕಾಣದಂತೆ ಸೀಳುತ್ತದೆ. ಸೀಳಿದ ಕೆಪಾಸಿಟರು ಪರೀಕ್ಷೆಯಲ್ಲಿ ಪಾಸಾಗಿ ತಿಂಗಳುಗಳ ನಂತರ ಶಾರ್ಟ್ ಆಗಬಹುದು. ಅವನ್ನು ಗೀರಿನಿಂದ ದೂರವಿಡಬೇಕು. ಸಾಧ್ಯವಾಗದಿದ್ದರೆ ಅವುಗಳ ಉದ್ದ ಗೀರಿಗೆ ಸಮಾನಾಂತರವಾಗಿರಲಿ.

ಐವತ್ತು ಬೋರ್ಡುಗಳನ್ನು ನಾವೇ ಜೋಡಿಸಬಹುದು. 0.12 ಮಿ.ಮೀ. ದಪ್ಪದ ಉಕ್ಕಿನ ಸ್ಟೆನ್ಸಿಲ್ (ಪ್ಯಾಡುಗಳ ಜಾಗದಲ್ಲಿ ಕಿಂಡಿಗಳಿರುವ ಹಾಳೆ) ಇಟ್ಟು ಬೆಸುಗೆಯ ಪೇಸ್ಟನ್ನು ಸವರಿ, ಚಿಮುಟದಿಂದ ಭಾಗಗಳನ್ನಿಟ್ಟು, ಬಿಸಿ ತಟ್ಟೆಯಲ್ಲಿ ಅಥವಾ ಚಿಕ್ಕ ಒಲೆಯಲ್ಲಿ ಕರಗಿಸುವುದು ಒಂದೊಂದೇ ಕಾಲನ್ನು ಬೆಸೆಯುವುದಕ್ಕಿಂತ ಎಷ್ಟೋ ವೇಗ. ಶೇ. 63 ತವರ, ಶೇ. 37 ಸೀಸವಿರುವ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸವಿಲ್ಲದ ಸ್ಯಾಕ್305 ಎಂಬ ಬೆಸುಗೆ ಸುಮಾರು 217ರಿಂದ 220 ಡಿಗ್ರಿಯಲ್ಲಿ. ಮಾರಾಟಕ್ಕೆ ಮಾಡುವುದಾದರೆ ಸೀಸದ ನಿರ್ಬಂಧವನ್ನು ತಿಳಿದುಕೊಳ್ಳಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಅದು 2006ರ ಜುಲೈ 1ರಿಂದ ಜಾರಿಯಲ್ಲಿದೆ. ಬೆಸುಗೆಗೆ ಬಳಸಿದ ಒಲೆಯಲ್ಲಿ ಮತ್ತೆಂದೂ ಅಡುಗೆ ಮಾಡಬಾರದು, ಹೊಗೆ ಹೊರಹೋಗುವಂತೆ ಕಿಟಕಿ ತೆರೆದಿರಬೇಕು. ತೇವಾಂಶ ಹೀರುವ ಐಸಿಗಳ ಪೊಟ್ಟಣದ ಮೇಲೆ ಅವಧಿ ಬರೆದಿರುತ್ತದೆ. ತೇವಾಂಶ ಹೀರುವಿಕೆಯ ಶ್ರೇಣಿಯಲ್ಲಿ ಮೂರನೇ ಮಟ್ಟದ್ದಾದರೆ ತೆರೆದ ಮೇಲೆ 168 ಗಂಟೆಗಳೊಳಗೆ ಬೆಸೆಯಬೇಕು, ಇಲ್ಲವಾದರೆ ಒಳಗಿನ ತೇವ ಆವಿಯಾಗಿ ಐಸಿಯನ್ನೇ ಸೀಳಬಹುದು.

ಮೊದಲು ಐದು, ಆಮೇಲೆ ಐವತ್ತು

ಹೊಸ ವಿನ್ಯಾಸದಲ್ಲಿ ಮೊದಲು ಐದೇ ಬೋರ್ಡುಗಳನ್ನು ಮಾಡಿಸಬೇಕು. ಎಷ್ಟೇ ಜಾಗರೂಕರಾದರೂ ಈ ಐದರಲ್ಲಿ ತಿದ್ದುವುದು ಏನಾದರೂ ಇದ್ದೇ ಇರುತ್ತದೆ. ಮೊದಲ ಸಲ ವಿದ್ಯುತ್ ಕೊಡುವಾಗ ಪ್ರವಾಹದ ಮಿತಿ ಇರುವ ಸಪ್ಲೈಯಲ್ಲಿ, ಆ ಮಿತಿಯನ್ನು ಮೊದಲೇ ಬರೆದಿಟ್ಟ ಅಂಕಿಗಿಂತ ಸ್ವಲ್ಪವೇ ಮೇಲಿಟ್ಟು ಕೊಡಬೇಕು. ಆಗ ಶಾರ್ಟ್ ಇದ್ದರೂ ಭಾಗಗಳು ಸುಡುವ ಸಂಭವ ಕಡಿಮೆ.

ಐವತ್ತರಲ್ಲಿ ಎಷ್ಟು ಕೆಡಬಹುದೆಂದು ಅಂದಾಜು ಮಾಡಿಕೊಳ್ಳುವುದು ಒಳ್ಳೆಯದು. ಒಂದು ಬೋರ್ಡಿನಲ್ಲಿ 150 ಬೆಸುಗೆಗಳಿದ್ದು, ಸಾವಿರಕ್ಕೆ ಒಂದು ಬೆಸುಗೆ ಕೆಡುತ್ತದೆಂದು ಇಟ್ಟುಕೊಂಡರೆ, ಒಂದೂ ಕೆಡದ ಬೋರ್ಡುಗಳು ಶೇ. 86ರಷ್ಟು ಮಾತ್ರ, ಐವತ್ತರಲ್ಲಿ ಸುಮಾರು ಏಳು ರಿಪೇರಿಗೆ ಬರುತ್ತವೆ. ಅಷ್ಟು ಹೊತ್ತನ್ನೂ ಬಿಡಿಭಾಗಗಳನ್ನೂ ಮೊದಲೇ ಎತ್ತಿಡಬೇಕು.

ಪರೀಕ್ಷಾ ಚೌಕಟ್ಟನ್ನು ಮಾಡಲು ನಮ್ಮ ವಿನ್ಯಾಸದ ಫೈಲೇ ಸಾಕು. ಅದರಲ್ಲಿ ಪರೀಕ್ಷಾ ಪ್ಯಾಡುಗಳ ಜಾಗ ಮತ್ತು ಮೂಲೆಯ ತೂತುಗಳನ್ನಷ್ಟೇ ಉಳಿಸಿ, ಪ್ಯಾಡಿನ ಜಾಗದಲ್ಲಿ ಸ್ಪ್ರಿಂಗ್ ಪಿನ್ನಿನ ಅಳತೆಯ ರಂಧ್ರ ಇಟ್ಟರೆ ಪಿನ್ನುಗಳು ತಪ್ಪದೆ ಪ್ಯಾಡಿನ ಮೇಲೆಯೇ ಬಂದು ನಿಲ್ಲುತ್ತವೆ. ಪ್ಯಾಡುಗಳು ಕೆಳಬದಿಯಲ್ಲಿದ್ದರೆ ಬೋರ್ಡನ್ನು ಮುಖ ಮೇಲಾಗಿ ಪಿನ್ನುಗಳ ಮೇಲೆ ಕೂರಿಸಬಹುದು. ಮೂಲೆಯ ತೂತುಗಳಿಗೆ ಗೂಟ ನಿಲ್ಲಿಸಿ, ಮೇಲಿನಿಂದ ಒತ್ತುವ ಹಿಡಿಕೆ ಹಾಕಿದರೆ ವೋಲ್ಟೇಜು ನೋಡುವುದು, ಪ್ರೋಗ್ರಾಂ ತುಂಬುವುದು, ರಿಲೇ ಎಳೆಯುತ್ತದೆಯೇ ಎಂದು ನೋಡುವುದು ಎಲ್ಲ ಒಂದೇ ಕಡೆ ಆಗುತ್ತದೆ. ಪರೀಕ್ಷೆಯ ಕ್ರಮವನ್ನು ಬೇರೆಯವರೂ ಮಾಡಬಲ್ಲಂತೆ ಒಂದು ಹಾಳೆಯಲ್ಲಿ ಬರೆಯಬೇಕು: ಯಾವ ಪ್ಯಾಡಿನಲ್ಲಿ ಎಷ್ಟರಿಂದ ಎಷ್ಟು ವೋಲ್ಟು ಇರಬೇಕು, ಯಾವ ದೀಪ ಬೆಳಗಬೇಕು, ಬೆಳಗದಿದ್ದರೆ ಬೋರ್ಡನ್ನು ಎಲ್ಲಿ ಇಡಬೇಕು. ಈ ಹಾಳೆಯನ್ನು ಬೋರ್ಡಿನ ಬಗ್ಗೆ ಏನೂ ತಿಳಿಯದ ಒಬ್ಬರ ಕೈಗೆ ಕೊಟ್ಟು, ನಾವು ಬಾಯಿ ತೆರೆಯದೆ ಪಕ್ಕದಲ್ಲಿ ಕೂತು ನೋಡಿದರೆ ಬಿಟ್ಟುಹೋದ ಮಾತುಗಳೆಲ್ಲ ಹೊರಬರುತ್ತವೆ.

ಪ್ರತಿ ಬೋರ್ಡಿಗೂ ಕ್ರಮಸಂಖ್ಯೆ ಅಂಟಿಸಿ, ಅದರ ಮುಂದೆ ವಿನ್ಯಾಸದ ಆವೃತ್ತಿ, ಪ್ರೋಗ್ರಾಮಿನ ಆವೃತ್ತಿ, ಅಳೆದ ವೋಲ್ಟೇಜುಗಳು, ರಿಪೇರಿ ಮಾಡಿದ್ದರೆ ಏನು ಮಾಡಿದ್ದು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು. ಒಂದೇ ಜಾಗದ ಬೆಸುಗೆ ಮೂರು ಬೋರ್ಡುಗಳಲ್ಲಿ ಕೆಟ್ಟಿದೆಯೆಂದು ಪುಸ್ತಕ ತೋರಿಸಿದರೆ, ಮುಂದಿನ ಆವೃತ್ತಿಯಲ್ಲಿ ಆ ಪ್ಯಾಡನ್ನು ದೊಡ್ಡದು ಮಾಡಬೇಕು. ಎಲ್ಲ ಪರೀಕ್ಷೆಗಳಲ್ಲೂ ಸರಿಯಾಗಿ ನಿಂತ ಒಂದು ಬೋರ್ಡನ್ನು ಆ ಕಂತಿನ ಫೈಲುಗಳು, ಪಟ್ಟಿ ಮತ್ತು ಪರೀಕ್ಷೆಯ ಹಾಳೆಯ ಪ್ರತಿಯೊಂದಿಗೆ ಸ್ಥಿರ ವಿದ್ಯುತ್ ತಡೆಯುವ ಚೀಲದಲ್ಲಿ ಕಟ್ಟಿ, ಮೇಲೆ ಆವೃತ್ತಿಯ ಸಂಖ್ಯೆ ಬರೆದು, ಯಾರಿಗೂ ಮಾರದೆ ತೆಗೆದಿಡಬೇಕು. ಎರಡನೆಯ ಕಂತನ್ನು ಮಾಡಿಸುವಾಗ ಕಾರ್ಖಾನೆಯಿಂದ ಬಂದ ಮೊದಲ ಬೋರ್ಡನ್ನು ಇದರ ಪಕ್ಕದಲ್ಲಿಟ್ಟೇ ಪರೀಕ್ಷೆ ಆರಂಭವಾಗುತ್ತದೆ.